ಕ್ವಾಂಟಂ ಕಂಪ್ಯೂಟರಿನ ಉತ್ತರವನ್ನು ತಾಳೆ ನೋಡುವವರು ಯಾರು?



ಗಣಿತದ ಪುಸ್ತಕದ ಕೊನೆಯ ಪುಟಗಳಲ್ಲಿ ಉತ್ತರಗಳನ್ನು ಕೊಟ್ಟಿರುತ್ತಾರೆ. ಲೆಕ್ಕ ಮಾಡಿ ಮುಗಿಸಿದ ಮೇಲೆ ನೀವು ಅಲ್ಲಿ ತಾಳೆ ನೋಡುತ್ತೀರಿ. ಆದರೆ ಈವರೆಗೆ ಯಾರೂ ಮಾಡಿರದ ಲೆಕ್ಕವೊಂದನ್ನು ಹೊಸ ಯಂತ್ರವೊಂದು ಮಾಡಿ ಮುಗಿಸಿದೆ ಎಂದು ಇಟ್ಟುಕೊಳ್ಳಿ. ಅದರ ಉತ್ತರ ಸರಿಯೋ ತಪ್ಪೋ ಎಂದು ಎಲ್ಲಿ ತಾಳೆ ನೋಡುವುದು? 2019ರ ಅಕ್ಟೋಬರಿನಲ್ಲಿ ಅಮೆರಿಕದ ಗೂಗಲ್ ಸಂಸ್ಥೆ ತನ್ನ ಕ್ವಾಂಟಂ ಕಂಪ್ಯೂಟರಿನ ಸಾಧನೆಯನ್ನು ಪ್ರಕಟಿಸಿದಾಗ ವಿಜ್ಞಾನ ಲೋಕದ ಮುಂದೆ ಇದ್ದದ್ದು ಇದೇ ಪ್ರಶ್ನೆ.

ಕ್ವಾಂಟಂ ಕಂಪ್ಯೂಟರಿನ ಬಗ್ಗೆ ನೀವು ಪತ್ರಿಕೆಗಳಲ್ಲಿ ಓದಿರಬಹುದು. ಆ ಸುದ್ದಿಗಳ ಹಿಂದೆ ಇನ್ನೊಂದು ಇತಿಹಾಸವಿದೆ. ಅದು ಕ್ವಾಂಟಂ ಕಂಪ್ಯೂಟರನ್ನು ಸಾಧಾರಣ ಕಂಪ್ಯೂಟರಿನೊಳಗೆ ಅಣಕಿಸುವ ಸಾಫ್ಟ್‌ವೇರಿನ ಇತಿಹಾಸ. ಇದನ್ನು ಸಿಮ್ಯುಲೇಟರ್ ಎನ್ನುತ್ತಾರೆ. ನಾವು ಟೆಲಿವಿಷನ್ನಿನವರು ಕ್ಯಾಮೆರಾ ಚಾಲೂ ಮಾಡುವ ಮುನ್ನ ತಾಲೀಮು ನಡೆಸುತ್ತೇವಲ್ಲ, ಹಾಗೆಯೇ ಇದು ಕ್ವಾಂಟಂ ಯಂತ್ರದ ತಾಲೀಮು. ಆದರೆ ಈ ತಾಲೀಮಿಗೆ ಒಂದು ಮಿತಿ ಇದೆ. ಆ ಮಿತಿ ಎಲ್ಲಿದೆ, ಅದರೊಡನೆ ನಾಲ್ಕು ದಶಕಗಳ ಕಾಲ ವಿಜ್ಞಾನಿಗಳು ಹೇಗೆ ಸೆಣಸಿದರು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಲಘು, ಗುರು ಮತ್ತು ಕ್ಯೂಬಿಟ್

ಕನ್ನಡ ತರಗತಿಯಲ್ಲಿ ನೀವು ಪದ್ಯಕ್ಕೆ ಪ್ರಸ್ತಾರ ಹಾಕಿದ್ದೀರಿ. ಅಕ್ಷರವೊಂದು ಲಘುವಾಗಿರಬಹುದು ಅಥವಾ ಗುರುವಾಗಿರಬಹುದು. ಮೂರು ಅಕ್ಷರಗಳನ್ನು ತೆಗೆದುಕೊಂಡರೆ ಎಷ್ಟು ಬಗೆಯ ಜೋಡಣೆಗಳು ಸಾಧ್ಯ? 2 × 2 × 2, ಅಂದರೆ 8. ಅವೇ ಯ, ಮ, ತ, ರ, ಜ, ಭ, ನ, ಸ ಎಂಬ ಎಂಟು ಅಕ್ಷರಗಣಗಳು. ಲಘುವಿಗೆ 0, ಗುರುವಿಗೆ 1 ಎಂದು ಬರೆದರೆ ನಗಣ 000 ಆಗುತ್ತದೆ, ಮಗಣ 111 ಆಗುತ್ತದೆ, ನಡುವೆ ಉಳಿದ ಆರು ಬರುತ್ತವೆ. ಹೀಗೆ ಎಲ್ಲ ಜೋಡಣೆಗಳನ್ನೂ ಒಂದನ್ನೂ ಬಿಡದೆ ಪಟ್ಟಿ ಮಾಡುವ ಕ್ರಮವನ್ನು ಪಿಂಗಲನ ಛಂದಃಸೂತ್ರ ಬಹು ಹಿಂದೆಯೇ ತಿಳಿಸಿತ್ತು.

ಸಾಧಾರಣ ಕಂಪ್ಯೂಟರಿನ ಮೂರು ಬಿಟ್‌ಗಳು ಒಂದು ಸಮಯಕ್ಕೆ ಈ ಎಂಟರಲ್ಲಿ ಯಾವುದಾದರೂ ಒಂದು ಗಣದ ರೂಪದಲ್ಲಿ ಇರುತ್ತವೆ. ಕ್ವಾಂಟಂ ಕಂಪ್ಯೂಟರಿನ ಬಿಟ್ಟಿಗೆ ಕ್ಯೂಬಿಟ್ ಎಂದು ಹೆಸರು. ಮೂರು ಕ್ಯೂಬಿಟ್‌ಗಳ ಸ್ಥಿತಿಯನ್ನು ಹೇಳಬೇಕಾದರೆ ಒಂದು ಗಣವನ್ನು ಹೆಸರಿಸಿದರೆ ಸಾಲದು. ಎಂಟೂ ಗಣಗಳನ್ನು ಬರೆದು, ಪ್ರತಿಯೊಂದರ ಮುಂದೆ ಒಂದೊಂದು ಸಂಖ್ಯೆಯನ್ನು ಬರೆಯಬೇಕು. ಈ ಸಂಖ್ಯೆಗೆ ಆಂಪ್ಲಿಟ್ಯೂಡ್ ಎನ್ನುತ್ತಾರೆ. ಇದು ಪಿ.ಯು.ಸಿ. ಗಣಿತದಲ್ಲಿ ಬರುವ ಸಂಮಿಶ್ರ ಸಂಖ್ಯೆ: ಒಂದು ವಾಸ್ತವ ಭಾಗ, ಒಂದು ಕಾಲ್ಪನಿಕ ಭಾಗ. ಅದರ ಪರಿಮಾಣದ ವರ್ಗವೇ ಅಳತೆ ಮಾಡಿದಾಗ ಆ ಗಣ ಕಾಣಿಸಿಕೊಳ್ಳುವ ಸಂಭವನೀಯತೆ. ಎಂಟೂ ಸಂಭವನೀಯತೆಗಳನ್ನು ಕೂಡಿದರೆ 1 ಬರಬೇಕು.

ಈ ಪಟ್ಟಿಗೇ ಸ್ಟೇಟ್ ವೆಕ್ಟರ್, ಅಂದರೆ ಸ್ಥಿತಿ ಸದಿಶ ಎಂದು ಹೆಸರು. ಕ್ವಾಂಟಂ ಕಂಪ್ಯೂಟರನ್ನು ಅಣಕಿಸುವುದೆಂದರೆ ಈ ಪಟ್ಟಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಹೆಜ್ಜೆ ಹೆಜ್ಜೆಗೂ ಅದನ್ನು ಬದಲಿಸುತ್ತ ಹೋಗುವುದು. ಕೇಳಲು ಸುಲಭ. ತೊಡಕು ಪಟ್ಟಿಯ ಉದ್ದದಲ್ಲಿದೆ. ಒಂದು ಕ್ಯೂಬಿಟ್ ಹೆಚ್ಚಾದರೆ ಪಟ್ಟಿ ಇಮ್ಮಡಿಯಾಗುತ್ತದೆ. 10 ಕ್ಯೂಬಿಟ್‌ಗಳಿಗೆ 1,024 ಸಾಲು, 20ಕ್ಕೆ 10,48,576 ಸಾಲು, 30ಕ್ಕೆ 1,07,37,41,824 ಸಾಲು. ಒಂದು ಆಂಪ್ಲಿಟ್ಯೂಡನ್ನು ನಿಖರವಾಗಿ ಬರೆದಿಡಲು ಸಾಮಾನ್ಯವಾಗಿ 16 ಬೈಟ್ ಬೇಕು. ಹಾಗಾಗಿ 30 ಕ್ಯೂಬಿಟ್‌ಗಳಿಗೆ 16 ಗಿಗಾಬೈಟ್ ಮೆಮೊರಿ ಬೇಕು. ಇಂದಿನ ಒಂದು ಒಳ್ಳೆಯ ಲ್ಯಾಪ್‌ಟಾಪಿನ ಇಡೀ ಮೆಮೊರಿ ಅಷ್ಟಕ್ಕೇ ಮುಗಿಯಿತು!

ಫೈನ್‌ಮನ್ ಎತ್ತಿದ ಮಾತು

1981ರ ಮೇ ತಿಂಗಳಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಎಂಡಿಕಾಟ್ ಹೌಸ್‌ನಲ್ಲಿ ಭೌತವಿಜ್ಞಾನ ಮತ್ತು ಗಣನೆಯ ಬಗ್ಗೆ ಒಂದು ಸಮ್ಮೇಳನ ನಡೆಯಿತು. ಅಲ್ಲಿ ನೊಬೆಲ್ ಪ್ರಶಸ್ತಿ ವಿಜೇತ ರಿಚರ್ಡ್ ಫೈನ್‌ಮನ್ ಮಾತನಾಡಿದರು. ಪ್ರಕೃತಿಯನ್ನು ಕಂಪ್ಯೂಟರಿನಲ್ಲಿ ಯಥಾವತ್ತಾಗಿ ಅಣಕಿಸಬಹುದೇ ಎಂಬುದು ಅವರ ಪ್ರಶ್ನೆ. ಅಣು ಪರಮಾಣುಗಳು ಕ್ವಾಂಟಂ ನಿಯಮದಂತೆ ನಡೆಯುತ್ತವೆ. ಕಣಗಳ ಸಂಖ್ಯೆ ಏರಿದಂತೆ ಸಾಧಾರಣ ಕಂಪ್ಯೂಟರಿಗೆ ಬೇಕಾಗುವ ಮೆಮೊರಿ ಇಮ್ಮಡಿ ಇಮ್ಮಡಿಯಾಗಿ ಬೆಳೆದು ಕೈಮೀರುತ್ತದೆ. ಆದ್ದರಿಂದ ಕ್ವಾಂಟಂ ಪ್ರಕೃತಿಯನ್ನು ಅಣಕಿಸಲು ಯಂತ್ರವೂ ಕ್ವಾಂಟಂ ಆಗಿರಬೇಕು ಎಂದು ಅವರು ವಾದಿಸಿದರು. ಈ ಭಾಷಣ 1982ರಲ್ಲಿ ಲೇಖನವಾಗಿ ಪ್ರಕಟವಾಯಿತು.

ಈ ದಿಕ್ಕಿನಲ್ಲಿ ಯೋಚಿಸಿದವರು ಫೈನ್‌ಮನ್ ಒಬ್ಬರೇ ಅಲ್ಲ. 1980ರಲ್ಲಿ ಸೋವಿಯತ್ ಒಕ್ಕೂಟದ ಗಣಿತಜ್ಞ ಯೂರಿ ಮಾನಿನ್ ಇಂಥದೇ ವಿಚಾರವನ್ನು ಬರೆದಿದ್ದರು. ಅದೇ ವರ್ಷ ಅಮೆರಿಕದ ಪಾಲ್ ಬೆನಿಯಾಫ್ ಕ್ವಾಂಟಂ ನಿಯಮದಂತೆ ನಡೆಯುವ ಗಣನಯಂತ್ರದ ಮಾದರಿಯನ್ನು ಮುಂದಿಟ್ಟಿದ್ದರು. 1985ರಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಡಾಯ್ಚ್ ಯಾವುದೇ ಲೆಕ್ಕಕ್ಕೂ ಒಗ್ಗುವ ಸಾರ್ವತ್ರಿಕ ಕ್ವಾಂಟಂ ಕಂಪ್ಯೂಟರಿನ ಸಿದ್ಧಾಂತವನ್ನು ಕೊಟ್ಟರು.

ಇಲ್ಲಿ ಒಂದು ಸಂದೇಹ ನಿಮಗೆ ಬರಬಹುದು. ಸಂಭವನೀಯತೆಯ ವಿಷಯವಾದರೆ ದಾಳ ಹಾಕಿದ ಹಾಗೆ ಕಂಪ್ಯೂಟರಿನಲ್ಲೂ ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಬಹುದಲ್ಲ, ಇಡೀ ಪಟ್ಟಿ ಏಕೆ ಬೇಕು? ಫೈನ್‌ಮನ್ ಇದನ್ನೂ ಪರಿಶೀಲಿಸಿದ್ದರು. ದಾಳದ ಸಂಭವನೀಯತೆಗಳು ಯಾವಾಗಲೂ ಧನ ಸಂಖ್ಯೆಗಳು. ಅವು ಕೂಡುತ್ತವೆಯೇ ಹೊರತು ಒಂದನ್ನೊಂದು ಕಳೆಯುವುದಿಲ್ಲ. ಆಂಪ್ಲಿಟ್ಯೂಡ್‌ಗಳು ಋಣವೂ ಆಗಬಹುದು. ಕೆರೆಯಲ್ಲಿ ಎರಡು ಅಲೆಗಳು ಎದುರಾದಾಗ ಒಂದರ ಏರು ಇನ್ನೊಂದರ ಇಳಿವನ್ನು ಅಳಿಸಿಬಿಡುವ ಹಾಗೆ ಇವು ಒಂದನ್ನೊಂದು ಅಳಿಸಬಲ್ಲವು. ಇದೇ ವ್ಯತಿಕರಣ. ಕ್ವಾಂಟಂ ಕಂಪ್ಯೂಟರಿನ ಶಕ್ತಿಯ ಗುಟ್ಟು ಇಲ್ಲಿದೆ. ಅದು ಎಲ್ಲ ಉತ್ತರಗಳನ್ನೂ ಒಮ್ಮೆಲೇ ಪ್ರಯತ್ನಿಸುತ್ತದೆ ಎಂದು ಹೇಳುವುದುಂಟು. ಆ ಮಾತು ಅರ್ಧ ಮಾತ್ರ ನಿಜ. ತಪ್ಪು ಉತ್ತರಗಳ ಆಂಪ್ಲಿಟ್ಯೂಡ್‌ಗಳು ಪರಸ್ಪರ ಅಳಿದು, ಸರಿಯುತ್ತರದ್ದು ಉಳಿಯುವಂತೆ ಲೆಕ್ಕವನ್ನು ಹೆಣೆಯಬೇಕು.

ಪೆನ್ಸಿಲ್ ಹಿಡಿದು ಒಂದು ಲೆಕ್ಕ

ಎರಡು ಕ್ಯೂಬಿಟ್‌ಗಳನ್ನು ತೆಗೆದುಕೊಳ್ಳಿ. ಪಟ್ಟಿಯಲ್ಲಿ ನಾಲ್ಕು ಸಾಲು: 00, 01, 10, 11. ಆರಂಭದಲ್ಲಿ ಎರಡೂ ಸೊನ್ನೆ. ಆದ್ದರಿಂದ ಪಟ್ಟಿ 1, 0, 0, 0.

ಈಗ ಮೊದಲ ಕ್ಯೂಬಿಟ್ ಮೇಲೆ ಹಡಮಾರ್ಡ್ ಎಂಬ ಕ್ರಿಯೆಯನ್ನು ನಡೆಸೋಣ. ಇಂಥ ಕ್ರಿಯೆಗೆ ಗೇಟ್ ಎನ್ನುತ್ತಾರೆ. ಅದರ ನಿಯಮ ಇಷ್ಟೇ: ಮೊದಲ ಅಂಕಿಯಲ್ಲಿ ಮಾತ್ರ ಭಿನ್ನವಾದ ಎರಡೆರಡು ಸಾಲುಗಳನ್ನು ಜೋಡಿ ಮಾಡಿ. ಇಲ್ಲಿ 00 ಮತ್ತು 10 ಒಂದು ಜೋಡಿ, 01 ಮತ್ತು 11 ಇನ್ನೊಂದು. ಪ್ರತಿ ಜೋಡಿಯಲ್ಲೂ ಎರಡು ಸಂಖ್ಯೆಗಳ ಮೊತ್ತವನ್ನು 0.707ರಿಂದ ಗುಣಿಸಿ ಮೊದಲ ಸಾಲಿನಲ್ಲಿ ಬರೆಯಿರಿ; ವ್ಯತ್ಯಾಸವನ್ನು ಅದೇ 0.707ರಿಂದ ಗುಣಿಸಿ ಎರಡನೆಯ ಸಾಲಿನಲ್ಲಿ ಬರೆಯಿರಿ. ಪಟ್ಟಿ 0.707, 0, 0.707, 0 ಆಗುತ್ತದೆ. ಇದೇ ಗೇಟನ್ನು ಇನ್ನೊಮ್ಮೆ ನಡೆಸಿದರೆ ಏನಾಗುತ್ತದೆ? 10ರ ಸಾಲಿನಲ್ಲಿ ವ್ಯತ್ಯಾಸ ಸೊನ್ನೆ. ಪಟ್ಟಿ ಮತ್ತೆ 1, 0, 0, 0ಕ್ಕೆ ಬಂದು ನಿಲ್ಲುತ್ತದೆ. ವ್ಯತಿಕರಣವನ್ನು ನೀವೇ ಕಾಗದದ ಮೇಲೆ ಕಂಡಿರಿ.

ಎರಡನೆಯ ಸಲ ಹಡಮಾರ್ಡ್ ಬಿಟ್ಟು, 0.707, 0, 0.707, 0 ಎಂಬ ಪಟ್ಟಿಯ ಮೇಲೆ ಬೇರೊಂದು ಗೇಟನ್ನು ನಡೆಸಿ. ಮೊದಲ ಕ್ಯೂಬಿಟ್ 1 ಆಗಿದ್ದರೆ ಮಾತ್ರ ಎರಡನೆಯದನ್ನು ತಿರುಗಿಸುವುದು ಅದರ ಕೆಲಸ. ಅಂದರೆ 10 ಮತ್ತು 11ರ ಸಾಲುಗಳ ಸಂಖ್ಯೆಗಳನ್ನು ಅದಲುಬದಲು ಮಾಡಿದರೆ ಆಯಿತು. ಪಟ್ಟಿ 0.707, 0, 0, 0.707 ಆಗುತ್ತದೆ. ಅಳೆದಾಗ 00 ಬರುವ ಸಂಭವನೀಯತೆ ಅರ್ಧ, 11 ಬರುವುದು ಅರ್ಧ. 01 ಮತ್ತು 10 ಬರುವುದೇ ಇಲ್ಲ. ಎರಡು ಕ್ಯೂಬಿಟ್‌ಗಳ ಭವಿಷ್ಯ ಒಂದಕ್ಕೊಂದು ಹೆಣೆದುಕೊಂಡಿದೆ. ಎಂಟ್ಯಾಂಗಲ್‌ಮೆಂಟ್ ಎಂಬ ದೊಡ್ಡ ಹೆಸರಿನ ಸಂಗತಿಯ ಅತ್ಯಂತ ಚಿಕ್ಕ ಉದಾಹರಣೆ ಇದು.

ಇಲ್ಲಿ ಒಂದು ಅನುಕೂಲವನ್ನು ಗಮನಿಸಿ. ನಿಜವಾದ ಕ್ವಾಂಟಂ ಯಂತ್ರದಲ್ಲಿ ನಡುವೆ ಇಣುಕಿ ನೋಡಲು ಬರುವುದಿಲ್ಲ. ಅಳೆದೊಡನೆ ಒಂದೇ ಒಂದು ಸಾಲು ಸಿಕ್ಕಿ, ಉಳಿದ ಪಟ್ಟಿ ಕಣ್ಮರೆಯಾಗುತ್ತದೆ. ಸಿಮ್ಯುಲೇಟರಿನಲ್ಲಾದರೆ ಪ್ರತಿ ಹೆಜ್ಜೆಯಲ್ಲೂ ಇಡೀ ಪಟ್ಟಿ ನಿಮ್ಮ ಕಣ್ಣ ಮುಂದೆ ಇರುತ್ತದೆ. ಹಾಗಾಗಿ ಹೊಸ ವಿಧಾನಗಳನ್ನು ತಿದ್ದಿ ತೀಡಲು ವಿಜ್ಞಾನಿಗಳು ಇಂದಿಗೂ ಇದನ್ನೇ ಅವಲಂಬಿಸುತ್ತಾರೆ.

ಯಂತ್ರ ಚಿಕ್ಕದಿದ್ದ ಕಾಲ

1994ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಪೀಟರ್ ಶೋರ್, ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವ ವೇಗದ ಕ್ವಾಂಟಂ ವಿಧಾನವೊಂದನ್ನು ಕಂಡುಹಿಡಿದರು. ಗುಪ್ತಲಿಪಿಗಳ ಭದ್ರತೆ ಅಪವರ್ತನದ ಕಷ್ಟವನ್ನೇ ನೆಚ್ಚಿಕೊಂಡಿದ್ದರಿಂದ ಈ ಸುದ್ದಿ ಸಂಚಲನ ಉಂಟುಮಾಡಿತು. 1996ರಲ್ಲಿ ಅದೇ ಪ್ರಯೋಗಾಲಯದ, ದೆಹಲಿ ಐ.ಐ.ಟಿ.ಯಲ್ಲಿ ಓದಿದ ಲವ್ ಗ್ರೋವರ್ ಹುಡುಕಾಟದ ವಿಧಾನವನ್ನು ಕೊಟ್ಟರು. ವಿಧಾನಗಳೇನೋ ಬಂದವು, ಅವುಗಳನ್ನು ನಡೆಸಲು ಯಂತ್ರವಿರಲಿಲ್ಲ. ಪರೀಕ್ಷಿಸಲು ಸಿಮ್ಯುಲೇಟರುಗಳೇ ಗತಿ. 1998ರಲ್ಲಿ ವಿಯೆನ್ನಾದ ಬರ್ನ್‌ಹಾರ್ಡ್ ಓಮರ್ ಕ್ವಾಂಟಂ ಲೆಕ್ಕಗಳಿಗಾಗಿ ಕ್ಯು.ಸಿ.ಎಲ್. ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು. ಅದರ ಪ್ರೋಗ್ರಾಮುಗಳು ಸಾಧಾರಣ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ನಡೆಯುತ್ತಿದ್ದವು. ಜರ್ಮನಿಯಲ್ಲಿ ರೂಪುಗೊಂಡ ಲಿಬ್‌ಕ್ವಾಂಟಂ ಎಂಬ ಇನ್ನೊಂದು ಸಿಮ್ಯುಲೇಟರಂತೂ 2006ರ ಹೊತ್ತಿಗೆ ಸಾಧಾರಣ ಕಂಪ್ಯೂಟರುಗಳ ವೇಗವನ್ನು ಅಳೆಯುವ ಪರೀಕ್ಷೆಗಳಲ್ಲಿ ಒಂದಾಗಿ ಸೇರಿತು.

2001ರಲ್ಲಿ ಐ.ಬಿ.ಎಂ.ನ ಆಲ್ಮಡೆನ್ ಪ್ರಯೋಗಾಲಯದಲ್ಲಿ 7 ಕ್ಯೂಬಿಟ್‌ಗಳ ಸಾಧನವೊಂದು ಶೋರ್ ವಿಧಾನದಿಂದ 15 = 3 × 5 ಎಂದು ಅಪವರ್ತಿಸಿತು. ಆ ಕಾಲಕ್ಕೆ ಅದು ದೊಡ್ಡ ಸಾಹಸ. ಆದರೆ 7 ಕ್ಯೂಬಿಟ್‌ಗಳ ಪಟ್ಟಿಯಲ್ಲಿ ಇರುವುದು 128 ಸಾಲು ಮಾತ್ರ. ಅದಕ್ಕೆ 2 ಕಿಲೋಬೈಟ್ ಸಾಕು. 1984ರಲ್ಲಿ ಕ್ಲಾಸ್ ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೆ ಬಂದ ಬಿ.ಬಿ.ಸಿ. ಮೈಕ್ರೋ ಕಂಪ್ಯೂಟರಿನ ಮೆಮೊರಿ 32 ಕಿಲೋಬೈಟ್ ಇತ್ತು. ಆ ಪಟ್ಟಿ ಅದರೊಳಗೂ ಆರಾಮವಾಗಿ ಹಿಡಿಸುತ್ತಿತ್ತು. ಅಂದರೆ ಉತ್ತರವನ್ನು ತಾಳೆ ನೋಡಲು ಆಗ ಯಾವ ಅಡಚಣೆಯೂ ಇರಲಿಲ್ಲ.

ದೈತ್ಯ ಗಣಕಗಳ ಸೆಣಸಾಟ

ಒಂದು ಕಂಪ್ಯೂಟರಿನಲ್ಲಿ ಹಿಡಿಸದ ಪಟ್ಟಿಯನ್ನು ಸಾವಿರಾರು ಕಂಪ್ಯೂಟರುಗಳಿಗೆ ಹಂಚಿದರೆ ಹೇಗೆ? ಹಂಚಬಹುದು. ಆದರೆ ಮೇಲಿನ ಲೆಕ್ಕವನ್ನು ನೆನಪಿಸಿಕೊಳ್ಳಿ: ಪ್ರತಿ ಗೇಟಿಗೂ ಸಾಲುಗಳನ್ನು ಜೋಡಿ ಮಾಡಬೇಕು. ಜೋಡಿಯ ಒಂದು ಸಾಲು ಈ ಕಂಪ್ಯೂಟರಿನಲ್ಲಿ, ಇನ್ನೊಂದು ದೂರದ ಕಂಪ್ಯೂಟರಿನಲ್ಲಿ ಇದ್ದರೆ ಸಂಖ್ಯೆಗಳನ್ನು ತಂತಿಯ ಮೂಲಕ ಸಾಗಿಸಬೇಕು. ಗುಣಾಕಾರಕ್ಕಿಂತ ಈ ಸಾಗಾಟಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. ಯಾವ ಕ್ಯೂಬಿಟ್‌ಗಳ ಜೋಡಿಗಳು ಒಂದೇ ಮನೆಯೊಳಗೆ ಇರಬೇಕು, ಯಾವಾಗ ಜಾಗ ಬದಲಿಸಬೇಕು ಎಂದು ಯೋಜಿಸುವುದೇ ಈ ಸಾಫ್ಟ್‌ವೇರಿನ ಜಾಣ್ಮೆ.

ಇದರಲ್ಲಿ ದೀರ್ಘಕಾಲ ದುಡಿದವರು ನೆದರ್ಲೆಂಡ್ಸ್‌ನ ಹಾನ್ಸ್ ಡಿ ರಾಡ್ಟ್ ಮತ್ತು ಜರ್ಮನಿಯ ಯೂಲಿಶ್ ಸಂಶೋಧನಾ ಕೇಂದ್ರದ ಕ್ರಿಸ್ಟೆಲ್ ಮಿಖಿಲ್‌ಸನ್ ಅವರ ತಂಡ. 2007ರಲ್ಲಿ ಅವರು 4,096 ಪ್ರೊಸೆಸರ್‌ಗಳು ಮತ್ತು 1 ಟೆರಾಬೈಟ್ ಮೆಮೊರಿಯವರೆಗೆ ಬಳಸಿ 36 ಕ್ಯೂಬಿಟ್‌ಗಳನ್ನು ಅಣಕಿಸಿದರು. 2010ರಲ್ಲಿ ಯೂಲಿಶ್‌ನ ಸೂಪರ್ ಕಂಪ್ಯೂಟರಿನಲ್ಲಿ 42ಕ್ಕೆ ಏರಿದರು. 2017ರಲ್ಲಿ ಸ್ವಿಟ್ಜರ್ಲೆಂಡಿನ ಇ.ಟಿ.ಎಚ್. ಜೂರಿಕ್ ಸಂಸ್ಥೆಯ ಥಾಮಸ್ ಹೇನರ್ ಮತ್ತು ಡಾಮಿಯನ್ ಸ್ಟೈಗರ್, ಅಮೆರಿಕದ ಕೋರಿ ಎಂಬ ಸೂಪರ್ ಕಂಪ್ಯೂಟರಿನ ಅರ್ಧ ಪೆಟಾಬೈಟ್ ಮೆಮೊರಿಯಲ್ಲಿ 45 ಕ್ಯೂಬಿಟ್‌ಗಳನ್ನು ನಡೆಸಿದರು. ಆ ಪಟ್ಟಿಯಲ್ಲಿ ಸುಮಾರು 35 ಲಕ್ಷ ಕೋಟಿ ಸಾಲುಗಳಿದ್ದವು!

ಮುಂದೇನು? ಮೆಮೊರಿ ಹೆಚ್ಚಿಸಲಾಗದಿದ್ದರೆ ಸಂಖ್ಯೆಗಳನ್ನೇ ಚಿಕ್ಕದಾಗಿ ಬರೆಯಬೇಕು. ಯೂಲಿಶ್ ತಂಡ ಪ್ರತಿ ಆಂಪ್ಲಿಟ್ಯೂಡಿಗೆ 16 ಬೈಟ್ ಬದಲು 2 ಬೈಟ್ ಬಳಸುವ ಉಪಾಯ ಹೂಡಿತು. ನಿಖರತೆ ಸ್ವಲ್ಪ ಕುಗ್ಗಿದರೂ ಅವಶ್ಯವಾದ ಜಾಗ ಎಂಟನೆಯ ಒಂದು ಭಾಗಕ್ಕೆ ಇಳಿಯಿತು. ಎಂಟರಷ್ಟು ಉಳಿತಾಯ! ಅದರಿಂದ ಬಂದ ಲಾಭ ಎಷ್ಟು ಕ್ಯೂಬಿಟ್? ಕೇವಲ ಮೂರು. ಚೀನಾ ಮತ್ತು ಜಪಾನಿನ ಸೂಪರ್ ಕಂಪ್ಯೂಟರುಗಳಲ್ಲಿ 48 ಕ್ಯೂಬಿಟ್‌ಗಳ ಅಣಕು ನಡೆಯಿತು. 2025ರಲ್ಲಿ ಯೂಲಿಶ್‌ನ ಜುಪಿಟರ್ ಸೂಪರ್ ಕಂಪ್ಯೂಟರಿನಲ್ಲಿ ಸುಮಾರು 2 ಪೆಟಾಬೈಟ್ ಮೆಮೊರಿ ಬಳಸಿ 50 ಕ್ಯೂಬಿಟ್‌ಗಳನ್ನು ಮುಟ್ಟಿದರು. 2007ರಿಂದ 2025ರವರೆಗೆ, ಹದಿನೆಂಟು ವರ್ಷಗಳ ದುಡಿಮೆಯಲ್ಲಿ 36ರಿಂದ 50ಕ್ಕೆ ಏರಿಕೆ. ಇಮ್ಮಡಿಯ ಮುಂದೆ ಸೂಪರ್ ಕಂಪ್ಯೂಟರ್ ಕೂಡ ಬಡವನೇ.

ಹತ್ತು ಸಾವಿರ ವರ್ಷವೋ, ಎರಡೂವರೆ ದಿನವೋ?

ಈಗ ಆರಂಭದ ಪ್ರಶ್ನೆಗೆ ಬರೋಣ. 2019ರಲ್ಲಿ ಗೂಗಲ್‌ನ ಸಿಕಮೋರ್ ಎಂಬ 53 ಕ್ಯೂಬಿಟ್‌ಗಳ ಯಂತ್ರ ಒಂದು ಲೆಕ್ಕವನ್ನು 200 ಸೆಕೆಂಡುಗಳಲ್ಲಿ ಮಾಡಿತು. ಮನಬಂದಂತೆ ಆಯ್ದ ಗೇಟುಗಳ ಸರಣಿಯೊಂದನ್ನು ನಡೆಸಿ, ಕೊನೆಯಲ್ಲಿ ಯಾವ ಯಾವ ಸಾಲುಗಳು ಬರುತ್ತವೆಂದು ಮತ್ತೆ ಮತ್ತೆ ಅಳೆಯುವುದು ಆ ಲೆಕ್ಕ. ಅತ್ಯುತ್ತಮ ಸೂಪರ್ ಕಂಪ್ಯೂಟರಿಗೆ ಇದಕ್ಕೆ 10,000 ವರ್ಷ ಬೇಕಾಗುತ್ತದೆಂದು ಗೂಗಲ್ ತಂಡ ಅಂದಾಜು ಮಾಡಿತು.

ಹಾಗಾದರೆ ಉತ್ತರ ಸರಿಯೆಂದು ಅವರಿಗೆ ತಿಳಿದದ್ದು ಹೇಗೆ? ಮೊದಲು ಚಿಕ್ಕ ಲೆಕ್ಕಗಳನ್ನು ನಡೆಸಿ, ಸ್ಟೇಟ್ ವೆಕ್ಟರ್ ಸಿಮ್ಯುಲೇಟರಿನೊಡನೆ ತಾಳೆ ನೋಡಿದರು. 43 ಕ್ಯೂಬಿಟ್‌ಗಳವರೆಗೆ ಈ ರೀತಿ ಸಾಧ್ಯವಾಯಿತು. ಅತಿ ದೊಡ್ಡ ಲೆಕ್ಕಗಳನ್ನು ನಡೆಸಿಕೊಟ್ಟದ್ದು ಅದೇ ಯೂಲಿಶ್. ಅದರಾಚೆ ಇಡೀ ಪಟ್ಟಿಯನ್ನು ಇಡಲು ಅಲ್ಲಿಯೂ ಮೆಮೊರಿ ಇರಲಿಲ್ಲ. 53 ಕ್ಯೂಬಿಟ್‌ಗಳ ಲೆಕ್ಕವನ್ನು ಸರಳಗೊಳಿಸಿ ಇತರ ವಿಧಾನಗಳಿಂದ ಪರೀಕ್ಷಿಸಿದರು. ಪೂರ್ಣ ಲೆಕ್ಕದ ಮಟ್ಟಿಗೆ, ಚಿಕ್ಕದರಲ್ಲಿ ಸರಿಯಾಗಿದ್ದ ಯಂತ್ರ ದೊಡ್ಡದರಲ್ಲೂ ಅದೇ ಕ್ರಮದಲ್ಲಿ ನಡೆಯುತ್ತದೆಂದು ತರ್ಕಿಸಿದರು.

ಪ್ರತಿಸ್ಪರ್ಧಿ ಐ.ಬಿ.ಎಂ. ಸುಮ್ಮನಿರಲಿಲ್ಲ. ಪಟ್ಟಿ ಮೆಮೊರಿಯಲ್ಲಿ ಹಿಡಿಸದಿದ್ದರೇನು, ಓಕ್ ರಿಜ್‌ನ ಸಮಿಟ್ ಸೂಪರ್ ಕಂಪ್ಯೂಟರಿಗೆ 250 ಪೆಟಾಬೈಟ್ ಡಿಸ್ಕ್ ಇದೆಯಲ್ಲ, ಅದರಲ್ಲಿ ಬರೆದಿಡಬಹುದು. ಹಾಗೆ ಮಾಡಿದರೆ ಎರಡೂವರೆ ದಿನದಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿತು. ಎರಡೂ ಕಡೆಯವರು ಕೊಟ್ಟದ್ದು ಅಂದಾಜುಗಳನ್ನು ಎಂಬುದನ್ನು ಮರೆಯಬೇಡಿ. ಮುಂದೆ ಚೀನಾದ ಪಾನ್ ಝಾಂಗ್ ಮತ್ತು ಸಂಗಡಿಗರು ಲೆಕ್ಕವನ್ನು ನಿಜವಾಗಿಯೇ ಮಾಡಿ ತೋರಿಸಿದರು. 2022ರಲ್ಲಿ ಪ್ರಕಟವಾದ ಅವರ ಕೆಲಸಕ್ಕೆ 512 ಗ್ರಾಫಿಕ್ಸ್ ಪ್ರೊಸೆಸರ್‌ಗಳು, ಸುಮಾರು 15 ಗಂಟೆ ಸಾಕಾದವು. ಅವರು ಇಡೀ ಪ್ರಸ್ತಾರವನ್ನು ಬರೆಯಲೇ ಇಲ್ಲ. ಟೆನ್ಸರ್ ಜಾಲ ಎಂಬ ವಿಧಾನದಿಂದ ಗೇಟುಗಳ ಹೆಣಿಗೆಯನ್ನು ತುಂಡು ಮಾಡಿ, ಬೇಕಾದ ಸಾಲುಗಳನ್ನಷ್ಟೇ ಲೆಕ್ಕ ಮಾಡಿದರು.

ಇದರಿಂದ ಗೂಗಲ್‌ನ ಯಂತ್ರ ಸುಳ್ಳಾಯಿತೇ? ಇಲ್ಲ. ಅದು ಕೆಲಸ ಮಾಡಿದ್ದು ನಿಜ. ಕುಸಿದದ್ದು ಹತ್ತು ಸಾವಿರ ವರ್ಷದ ಅಂದಾಜು. ಕ್ವಾಂಟಂ ಯಂತ್ರವೂ ನಿಂತಲ್ಲೇ ನಿಲ್ಲಲಿಲ್ಲ. 2024ರ ಡಿಸೆಂಬರಿನಲ್ಲಿ ಅದೇ ಸಂಸ್ಥೆ 105 ಕ್ಯೂಬಿಟ್‌ಗಳ ವಿಲ್ಲೋ ಚಿಪ್ಪನ್ನು ಪ್ರಕಟಿಸಿತು. ಅಷ್ಟು ದೊಡ್ಡ ಪಟ್ಟಿಯನ್ನು ಬರೆದಿಡಲು ಭೂಮಿಯ ಮೇಲಿನ ಯಾವ ಮೆಮೊರಿಯೂ ಸಾಲದು. ಇಂಥ ಯಂತ್ರ ಕೊಡುವ ಉತ್ತರವನ್ನು ಒಪ್ಪಬೇಕಾದರೆ ಉತ್ತರವೇ ತನ್ನ ಸಾಕ್ಷ್ಯವನ್ನು ಹೊತ್ತು ತರಬೇಕು. ಶೋರ್ ವಿಧಾನದಲ್ಲಿ ಆ ಗುಣವಿದೆ: ಅಪವರ್ತನಗಳು ಸಿಕ್ಕಿದ ಮೇಲೆ ಅವುಗಳನ್ನು ಗುಣಿಸಿ ನೋಡಿದರಾಯಿತು. ಆದರೆ ಎಲ್ಲ ಲೆಕ್ಕಗಳಿಗೂ ಆ ಅದೃಷ್ಟವಿಲ್ಲ.

ಬೆಂಗಳೂರಿನ ಕೊಡುಗೆ

ನಿಜವಾದ ಯಂತ್ರದಲ್ಲಿ ಶಾಖದಿಂದ, ಸುತ್ತಲಿನ ಅಲುಗಾಟದಿಂದ ತಪ್ಪುಗಳು ನುಸುಳುತ್ತವೆ. ಶುದ್ಧವಾದ ಸ್ಥಿತಿ ಸದಿಶ ಈ ಗದ್ದಲವನ್ನು ನೇರವಾಗಿ ತೋರಿಸಲಾರದು. ಅದಕ್ಕೆ ಸಾಂದ್ರತಾ ಮಾತೃಕೆ ಎಂಬ ಇನ್ನೂ ದೊಡ್ಡ ಕೋಷ್ಟಕ ಬೇಕು. ಸದಿಶದಲ್ಲಿ 8 ಸಾಲುಗಳಿದ್ದರೆ ಇದರಲ್ಲಿ 8 × 8, ಅಂದರೆ 64 ಮನೆಗಳು. ಹಾಗಾಗಿ ಗದ್ದಲಸಹಿತ 15 ಕ್ಯೂಬಿಟ್‌ಗಳಿಗೆ ಬೇಕಾಗುವ ಮೆಮೊರಿಯಲ್ಲಿ ಗದ್ದಲವಿಲ್ಲದ 30 ಕ್ಯೂಬಿಟ್‌ಗಳನ್ನು ನಡೆಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಪೂರ್ವ ಪಟೇಲ್ ಮತ್ತು ಅವರ ಸಂಗಡಿಗರು ಇಂಥ ಸಿಮ್ಯುಲೇಟರನ್ನು ರೂಪಿಸಿದರು. ವಿಜ್ಞಾನ ಸಂಸ್ಥೆ, ರೂರ್ಕಿ ಐ.ಐ.ಟಿ. ಮತ್ತು ಸಿ-ಡಾಕ್ ಜೊತೆಗೂಡಿ ಸಿದ್ಧಪಡಿಸಿದ ಕ್ಯೂಸಿಮ್ ಎಂಬ ಭಾರತೀಯ ಸಿಮ್ಯುಲೇಟರ್ ಸಲಕರಣೆ 2021ರ ಆಗಸ್ಟ್ 27ರಂದು ಬಿಡುಗಡೆಯಾಯಿತು. ಯಂತ್ರ ಕೈಗೆ ಸಿಗುವವರೆಗೆ ಕಾಯದೆ ವಿದ್ಯಾರ್ಥಿಗಳು ಪ್ರಯೋಗ ನಡೆಸಲಿ ಎಂಬುದು ಅದರ ಉದ್ದೇಶಗಳಲ್ಲಿ ಒಂದು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ನೀಡಿತು.

ಇಲ್ಲಿ ನಿಮಗೆ ಸಂಬಂಧಿಸಿದ ಮಾತೊಂದಿದೆ. ಕೋಟಿಗಟ್ಟಲೆ ಬೆಲೆಯ ಕ್ವಾಂಟಂ ಯಂತ್ರ ನಿಮ್ಮ ಕಾಲೇಜಿಗೆ ಇಂದು ನಾಳೆ ಬರಲಾರದು. ಆದರೆ ಕಾಲೇಜಿನ ಪ್ರಯೋಗಾಲಯದ ಸಾಧಾರಣ ಕಂಪ್ಯೂಟರಿನಲ್ಲೂ 20 ಕ್ಯೂಬಿಟ್‌ಗಳ ಪಟ್ಟಿ 16 ಮೆಗಾಬೈಟ್‌ನಲ್ಲಿ ಕೂರುತ್ತದೆ. ಶೋರ್, ಗ್ರೋವರ್ ಅವರ ವಿಧಾನಗಳನ್ನು ಚಿಕ್ಕ ಪ್ರಮಾಣದಲ್ಲಿ ನಡೆಸಿ ನೋಡಲು ಅಷ್ಟು ಸಾಕು. ಬೇಕಾಗುವ ಗಣಿತ ಪಿ.ಯು.ಸಿ. ಮಟ್ಟದ ಮಾತೃಕೆ ಮತ್ತು ಸಂಮಿಶ್ರ ಸಂಖ್ಯೆಗಳದ್ದೇ.

ನೀವೇ ಮಾಡಿ ನೋಡಿ

1. 1, 0, 0, 0 ಎಂಬ ಪಟ್ಟಿಯಿಂದ ಆರಂಭಿಸಿ, ಮೊದಲ ಕ್ಯೂಬಿಟ್ ಮೇಲೆ ಒಮ್ಮೆ, ಎರಡನೆಯದರ ಮೇಲೆ ಒಮ್ಮೆ ಹಡಮಾರ್ಡ್ ಗೇಟ್ ನಡೆಸಿ. ನಾಲ್ಕು ಸಾಲುಗಳಲ್ಲೂ ಯಾವ ಸಂಖ್ಯೆ ಬರುತ್ತದೆ?

2. 8 ಗಿಗಾಬೈಟ್ ಮೆಮೊರಿಯ ಅರ್ಧವನ್ನು ಮಾತ್ರ ಬಳಸಬಹುದಾದರೆ, ಸಾಲಿಗೆ 16 ಬೈಟ್‌ನಂತೆ ಎಷ್ಟು ಕ್ಯೂಬಿಟ್‌ಗಳನ್ನು ಅಣಕಿಸಬಹುದು?

3. ನಿಮಗೆ ತಿಳಿದ ಕಂಪ್ಯೂಟರ್ ಭಾಷೆಯಲ್ಲಿ ಸಾಲುಗಳನ್ನು ಜೋಡಿ ಮಾಡುವ ನಿಯಮವನ್ನು ಬರೆದು, ಮೂರು ಕ್ಯೂಬಿಟ್‌ಗಳ ಎಂಟು ಸಾಲುಗಳ ಮೇಲೆ ನಡೆಸಿ.

ಪ್ರತಿ ಹೆಜ್ಜೆಯ ನಂತರ ಎಲ್ಲ ಸಾಲುಗಳ ವರ್ಗಗಳನ್ನು ಕೂಡಿ. ಮೊತ್ತ 1 ಬಾರದಿದ್ದರೆ ಲೆಕ್ಕ ಎಲ್ಲೋ ತಪ್ಪಿದೆಯೆಂದು ತಿಳಿದು, ಹಿಂದಿನ ಹೆಜ್ಜೆಗೆ ಹೋಗಿ ನೋಡಿ. 1 ಬಂದಿತೆಂದರೆ ಎಲ್ಲವೂ ಸರಿಯೆಂದೇನೂ ಅಲ್ಲ. ಗೆಳೆಯರೊಬ್ಬರ ಪಟ್ಟಿಯೊಡನೆ ಇನ್ನೊಮ್ಮೆ ತಾಳೆ ನೋಡಿ.